ಚಾಂದ್ ಸ್ಟುಡಿಯೋದ ಕೆಮ್ಮು

ನವೆಂಬರ್ 3, ಸೋಮವಾರ

ಬರೆದುಕೋ ಎಂದರು ನಮ್ಮ ಯಜಮಾನರು, ಬರೆಯುತ್ತಿದ್ದೇನೆ. ಪಾಠ ಒಂದು: ಕ್ಯಾಮೆರಾ ಕೈಗೆ ತೆಗೆದುಕೊಂಡ ಕೂಡಲೇ ಅದರ ಪಟ್ಟಿಯನ್ನು ಕುತ್ತಿಗೆಗೆ ಹಾಕಿಕೊಳ್ಳಬೇಕು. ಇಷ್ಟು ಹೇಳುವುದಕ್ಕೆ ಅರ್ಧ ಗಂಟೆ ಹಿಡಿಯಿತು, ಏಕೆಂದರೆ ಹಾಕಿಕೊಳ್ಳದೆ ಬೀಳಿಸಿದವರ ಕಥೆಗಳನ್ನೆಲ್ಲ ಹೇಳಿದರು. ಬೀಳಿಸಿದವರಲ್ಲಿ ಒಬ್ಬರು ಅವರೇ.

ಈ ನೋಟ್‌ಬುಕ್ಕು ನಮ್ಮ ಮಗಳು ಇಕ್ರಾ ಪಿಯುಸಿಯಲ್ಲಿ ಅರ್ಧಕ್ಕೆ ಬಿಟ್ಟದ್ದು. ಮೊದಲ ನಾಲ್ಕು ಪುಟ ರಸಾಯನಶಾಸ್ತ್ರ, ಐದನೆಯ ಪುಟದಿಂದ ನಾನು. ಶಿಡ್ಲಘಟ್ಟದ ಸರ್ಕಾರಿ ಶಾಲೆಯಲ್ಲಿ ಹತ್ತನೆಯವರೆಗೆ ಓದಿದವಳು. ಬಾಯಲ್ಲಿ ದಖನಿ ಉರ್ದು ಇದ್ದರೂ ಕೈಗೆ ಪೆನ್ನು ಬಂದರೆ ಕನ್ನಡವೇ ಬರುತ್ತದೆ. ಅವರಿಗೆ ಕನ್ನಡ ಮಾತಾಡಲು ಬರುತ್ತದೆ, ಓದಲು ಬರುವುದಿಲ್ಲ. ಈಗ ಉರ್ದು ಓದಲೂ ಆಗುವುದಿಲ್ಲ. ಆದ್ದರಿಂದ ಇದರಲ್ಲಿ ನಾನು ಏನು ಬೇಕಾದರೂ ಬರೆಯಬಹುದು.

ಸಕ್ಕರೆ ಕಾಯಿಲೆ ಅವರ ಕಣ್ಣಿನ ಹಿಂದೆ ಹೋಗಿ ಕೂತಿದೆ. ಡಾಕ್ಟರು ಲೇಸರ್ ಬಿಟ್ಟರು, ಕಣ್ಣಿಗೇ ಸೂಜಿ ಹಾಕಿದರು, ಕೊನೆಗೆ "ಇರೋದನ್ನ ಉಳಿಸ್ಕೊಳ್ಳೋಣ" ಎಂದರು. ಇರುವುದು ಅಂಚು ಮಾತ್ರ. ನಡುವೆ ಬರೀ ಹೊಗೆಯಂತೆ. ಬಾಗಿಲಿನ ಚೌಕಟ್ಟು ಕಾಣುತ್ತದೆ, ಬಾಗಿಲಲ್ಲಿ ನಿಂತವರು ಕಾಣುವುದಿಲ್ಲ.

ಇದು ಅಂಗಡಿಗೆ ಬರುವ ಯಾರಿಗೂ ತಿಳಿಯಬಾರದು ಎಂದು ಅಪ್ಪಣೆಯಾಗಿದೆ. ಶಿವಾಜಿನಗರದಲ್ಲಿ ಮೂವತ್ತೊಂದು ವರ್ಷದ ಸ್ಟುಡಿಯೋ, ಬೋರ್ಡಿನ ಮೇಲೆ ಅವರದೇ ಹೆಸರು. ಕಣ್ಣು ಕಾಣದವನ ಹತ್ತಿರ ಫೋಟೋ ತೆಗೆಸಿಕೊಳ್ಳಲು ಯಾರು ಬರುತ್ತಾರೆ? ಆದ್ದರಿಂದ ಅವರು ಕ್ಯಾಮೆರಾ ಹಿಂದೆ ನಿಂತು ಗುಂಡಿ ಒತ್ತುತ್ತಾರೆ. ನಾನು ಕಂಪ್ಯೂಟರ್ ನೋಡಿಕೊಳ್ಳುವವಳ ಹಾಗೆ ಪಕ್ಕದಲ್ಲಿ ಕೂತು ಉಳಿದದ್ದೆಲ್ಲ ಮಾಡುತ್ತೇನೆ. ಫೆಬ್ರವರಿಯಲ್ಲಿ ಬೆನ್ಸನ್ ಟೌನಿನ ಹುಡುಗಿಯರ ಶಾಲೆಯಲ್ಲಿ ಹತ್ತನೆಯ ಕ್ಲಾಸಿನ ಗ್ರೂಪ್ ಫೋಟೋ ಇದೆ. ಇಪ್ಪತ್ತಾರು ವರ್ಷದಿಂದ ಅವರೇ ತೆಗೆಯುವುದು. ಅದೊಂದು ಆಗಲಿ, ಆಮೇಲೆ ನೋಡೋಣ ಎಂದಿದ್ದಾರೆ.

ನವೆಂಬರ್ 6, ಗುರುವಾರ

ಪಾಠ ಎರಡು: ಅಪರ್ಚರ್. ಲೆನ್ಸಿನ ಒಳಗೆ ಒಂದು ಕಿಂಡಿ ಇದೆ. ಅದನ್ನು ಹಿಗ್ಗಿಸಬಹುದು, ಕುಗ್ಗಿಸಬಹುದು. ಎಫ್ 2.8 ಎಂದರೆ ದೊಡ್ಡ ಕಿಂಡಿ, ಎಫ್ 16 ಎಂದರೆ ಚಿಕ್ಕ ಕಿಂಡಿ. ಅಂಕಿ ಚಿಕ್ಕದಾದರೆ ಕಿಂಡಿ ದೊಡ್ಡದು. ನಾನು ಮೂರು ಸಲ ಕೇಳಿದೆ, ಮೂರು ಸಲವೂ ಅದನ್ನೇ ಹೇಳಿದರು. ಇದನ್ನು ಕಂಡುಹಿಡಿದವನು ಮನೆಯಲ್ಲಿ ಹೆಂಡತಿಯನ್ನು ಒಂದು ಮಾತು ಕೇಳಿದ್ದರೆ ಹೀಗೆ ಆಗುತ್ತಿರಲಿಲ್ಲ.

"ಯಾಕೆ ಹಾಗೆ?" ಎಂದೆ.

"ಯಾಕೆ ಗೀಕೆ ನಕ್ಕೋ, ಬೇಡ. ಬಾಯಿಪಾಠ ಮಾಡು."

ನವೆಂಬರ್ 11, ಮಂಗಳವಾರ

ಷಟರ್ ಸ್ಪೀಡ್. ಕಿಂಡಿ ಎಷ್ಟು ಹೊತ್ತು ಬೆಳಕು ಬಿಟ್ಟುಕೊಳ್ಳುತ್ತದೆ ಎಂಬ ಲೆಕ್ಕ. ಮೂವತ್ತು ಎಂದರೆ ಸೆಕೆಂಡಿನ ಮೂವತ್ತರಲ್ಲಿ ಒಂದು ಪಾಲು. ಅವರು ಮಂಚದ ಮೇಲೆ ಗೋಡೆಗೆ ಒರಗಿ ಕೂತರು. ನಾನು ಚಕ್ರ ತಿರುಗಿಸಿ ಗುಂಡಿ ಒತ್ತುವುದು, ಅವರು ಸದ್ದು ಕೇಳಿ ಅಂಕಿ ಹೇಳುವುದು. "ಮೂವತ್ತು. ಅರವತ್ತು. ಇದು ಹದಿನೈದು, ನನಗೇ ಮೋಸ ಮಾಡ್ತೀಯಾ?" ಹತ್ತಕ್ಕೆ ಹತ್ತೂ ಸರಿ. ಇನ್ನೂರೈವತ್ತರ ಮೇಲೆ ಎಲ್ಲಾ ಒಂದೇ ಥರ ಕೇಳುತ್ತದೆ, ಅಲ್ಲಿ ಅಂದಾಜು ಎಂದು ಒಪ್ಪಿಕೊಂಡರು. ಮದುವೆಯಾಗಿ ಇಪ್ಪತ್ತೊಂಬತ್ತು ವರ್ಷವಾದರೂ ನನ್ನ ಹೆಜ್ಜೆಯ ಸದ್ದು ಕೇಳಿ "ಯಾರು?" ಎನ್ನುವ ಮನುಷ್ಯ ಇವರು.

ಐಎಸ್ಒ, ಅಂದರೆ ಕ್ಯಾಮೆರಾ ಬೆಳಕನ್ನು ಎಷ್ಟು ಬೇಗ ಹೀರುತ್ತದೆ ಎಂಬ ಅಂಕಿ, ಅದು ಮಾತ್ರ ನನಗೇ ಹೊಳೆಯಿತು. ಅವರು ಬೆಳಕು, ಸೆನ್ಸರ್, ಗ್ರೇನ್ ಎಂದೆಲ್ಲ ಹೇಳಿ ಸುಸ್ತಾದ ಮೇಲೆ ನಾನು, "ಅಡುಗೆ ಸೋಡಾ ಇದ್ದ ಹಾಗೆ ಅಲ್ವಾ? ಹಾಕಿದ್ರೆ ಕಡಲೆ ಬೇಗ ಬೇಯುತ್ತೆ, ಜಾಸ್ತಿ ಹಾಕಿದ್ರೆ ರುಚಿ ಕೆಡುತ್ತೆ" ಎಂದೆ. ಇದು ಹಾಗಲ್ಲ ಎಂದರು. ಊಟದ ಹೊತ್ತಿಗೆ "ಇವತ್ತು ಸೋಡಾ ಎಷ್ಟು ಇಟ್ಟಿದ್ದೆ?" ಎಂದು ಕೇಳಿದರು. ನಾನೂರು ಎಂದೆ.

ನವೆಂಬರ್ 14, ಶುಕ್ರವಾರ

ಗುಟ್ಟಿನ ಸಂಜ್ಞೆಗಳನ್ನು ಗೊತ್ತುಮಾಡಿಕೊಂಡೆವು. ಕ್ಯಾಮೆರಾ ಸ್ಟ್ಯಾಂಡಿಗೂ ಗಿರಾಕಿಯ ಸ್ಟೂಲಿಗೂ ನೆಲದ ಮೇಲೆ ಟೇಪಿನ ಗುರುತು ಇದೆ, ಅಳತೆ ಬದಲಾಗುವುದಿಲ್ಲ. ಕೂತವರು ಬಲಕ್ಕೆ ತಿರುಗಬೇಕಾದರೆ ನಾನು ಒಂದು ಸಲ ಕೆಮ್ಮುತ್ತೇನೆ, ಎಡಕ್ಕಾದರೆ ಎರಡು ಸಲ. ಎಲ್ಲಾ ಸರಿ ಇದ್ದರೆ ಗಂಟಲು ಸರಿಮಾಡಿಕೊಳ್ಳುತ್ತೇನೆ, ಅವರು ಒತ್ತುತ್ತಾರೆ. ಗದ್ದಕ್ಕೆ ಸಂಜ್ಞೆ ಇಲ್ಲ. "ಗದ್ದ ಸ್ವಲ್ಪ ಕೆಳಗೆ" ಎಂದು ಎಲ್ಲರಿಗೂ ಹೇಳುತ್ತಾರೆ. ಮನುಷ್ಯರು ಸಾಮಾನ್ಯವಾಗಿ ಗದ್ದ ಮೇಲೆತ್ತಿಕೊಂಡೇ ಕೂರುತ್ತಾರೆ ಎಂಬುದು ಅವರ ಮೂವತ್ತೊಂದು ವರ್ಷದ ಅನುಭವ.

ಇವತ್ತು ಹನ್ನೊಂದು ಗಿರಾಕಿ. ಯಾರಿಗೂ ಅನುಮಾನ ಬರಲಿಲ್ಲ. ಸಂಜೆಯ ಹೊತ್ತಿಗೆ ನನಗೆ ನಿಜವಾಗಿಯೂ ಗಂಟಲು ಕೆಟ್ಟಿತು.

ನವೆಂಬರ್ 22, ಶನಿವಾರ

ಪಕ್ಕದ ಅಂಗಡಿಯ ರಾಮಾಂಜಿನಪ್ಪನವರು ಫೋಟೋಗಳಿಗೆ ಫ್ರೇಮ್ ಹಾಕುವವರು. ಮಧ್ಯೆ ಇರುವುದು ಒಂದು ಹಲಗೆಯ ಗೋಡೆ, ಈ ಕಡೆಯ ಸದ್ದೆಲ್ಲ ಆ ಕಡೆಗೆ ಕೇಳುತ್ತದೆ. ಬೆಳಿಗ್ಗೆ ಜೇನುತುಪ್ಪದ ಸೀಸೆ, ಮೆಣಸಿನ ಪುಡಿ ತಂದುಕೊಟ್ಟರು.

"ಎಂಟು ದಿನ ಆಯ್ತು ನೋಡ್ತಾ ಇದೀನಿ ಕಣಮ್ಮ. ನಿರ್ಲಕ್ಷ್ಯ ಮಾಡ್ಬೇಡಿ. ಒಂದ್ಸಲ ಎಕ್ಸ್‌ರೇ ತೆಗೆಸ್ಬಿಡಿ."

"ಧೂಳು ಅಣ್ಣ" ಎಂದೆ.

"ಧೂಳು ನಮ್ಗೂ ಇದೆ. ನಾವ್ ಗಂಟೆಗೊಂದ್ ಸಲ ಹಂಗೆ ಕೆಮ್ತೀವಾ?"

ಅವರು ಹೋದ ಮೇಲೆ ಇವರು ಕ್ಯಾಮೆರಾ ಹಿಂದೆ ಬಾಯಿಗೆ ಟವೆಲ್ ಒತ್ತಿಕೊಂಡು ನಕ್ಕರು. ಕಣ್ಣು ಹೋದ ಮೇಲೆ ನಕ್ಕದ್ದು ಇದೇ ಮೊದಲು. ಜೇನುತುಪ್ಪ ಚೆನ್ನಾಗಿದೆ.

ನವೆಂಬರ್ 30, ಭಾನುವಾರ

ಇಕ್ರಾ ಕೆ.ಆರ್.ಪುರದಿಂದ ಮೆಟ್ರೋದಲ್ಲಿ ಬಂದಿದ್ದಳು. ಅಂಗಡಿ ಮುಚ್ಚಿ ತಮ್ಮ ಮನೆಗೆ ಬನ್ನಿ, ಒಂದು ರೂಮು ಖಾಲಿ ಇದೆ ಎಂಬುದು ಅವಳ ಮಾತು. ಅಳಿಯನೂ ಒಳ್ಳೆಯವನೇ. ಅವಳ ಅಬ್ಬಾ, "ಫೆಬ್ರವರಿ ಆಗ್ಲಿ" ಎಂದರು.

"ಅಮ್ಮಿಗೆ ಈ ವಯಸ್ಸಲ್ಲಿ ಇದೆಲ್ಲ ಬೇಕಾ?" ಎಂದಳು ನನ್ನ ಕಡೆ ನೋಡುತ್ತಾ. ನಾನು ಅವಳು ಎಲ್ಲಿ ಕೂತಿದ್ದಾಳೆ ಎಂದು ನೋಡುತ್ತಿದ್ದೆ. ಕಿಟಕಿಗೆ ಬೆನ್ನು ಹಾಕಿದ್ದಳು. ಹಾಗೆ ಕೂತರೆ ಮುಖ ಕಪ್ಪಾಗಿ ಬರುತ್ತದೆ. "ಈ ಕಡೆ ಬಂದು ಕೂತ್ಕೋ" ಎಂದೆ. ಯಾಕೆ ಎಂದು ಅವಳಿಗೆ ಅರ್ಥವಾಗಲಿಲ್ಲ.

ಡಿಸೆಂಬರ್ 4, ಗುರುವಾರ

ನಿನ್ನೆ ನಾಜಿಶ್ ಎಂಬ ಹುಡುಗಿ ಅವಳ ಅತ್ತೆಯನ್ನು ಕರೆತಂದಿದ್ದಳು. ಮೆಕ್ಕಾಕ್ಕೆ ಉಮ್ರಾ ಯಾತ್ರೆ ಹೋಗುವವರು, ವೀಸಾಕ್ಕೆ ಫೋಟೋ ಬೇಕು, ಹಿಂದೆ ಬಿಳಿ ಪರದೆ ಇರಬೇಕು. ಅತ್ತೆ ಗಂಜಿ ಹಾಕಿದ ಬಿಳಿ ದುಪಟ್ಟಾ ಹೊದ್ದು ಬಂದಿದ್ದರು. ಮುಖ ಸ್ವಚ್ಛವಾಗಿ ಕಂಡಿತು. ನಾನು ಗಂಟಲು ಸರಿಮಾಡಿಕೊಂಡೆ, ಅವರು ಒತ್ತಿದರು, ಪ್ರಿಂಟು ಕೊಟ್ಟು ಕಳಿಸಿದೆವು.

ಇವತ್ತು ನಾಜಿಶ್ ವಾಪಸು ಬಂದಳು. "ಆಂಟಿ, ಏಜೆಂಟ್ ತಗೊಳ್ಳಿಲ್ಲ. ನಿಮ್ಮತ್ತೆ ತಲೆ ಎಲ್ಲಿ ಅಂತ ಕೇಳ್ದ."

ನೋಡಿದರೆ ನಿಜ. ಬಿಳಿ ಪರದೆಯಲ್ಲಿ ಬಿಳಿ ದುಪಟ್ಟಾ ಸೇರಿಕೊಂಡು ಎರಡೂ ಒಂದಾಗಿವೆ. ತಲೆಯಿಲ್ಲ, ಹೆಗಲಿಲ್ಲ, ಮುಖವೊಂದೇ ಗಾಳಿಯಲ್ಲಿ ನಿಂತಿದೆ. ಅತ್ತೆಗೆ ಮಾತ್ರ ಅದು ತುಂಬಾ ಹಿಡಿಸಿತ್ತು. ಮುಖದಲ್ಲಿ ನೂರ್, ದೇವರ ಬೆಳಕು, ಬಂದಿದೆ, ಇದನ್ನೇ ದೊಡ್ಡದು ಮಾಡಿಕೊಡಿ ಎಂದರಂತೆ.

ಇದನ್ನು ಕೇಳಿ ಇವರು ತಲೆಯ ಮೇಲೆ ಕೈ ಹೊತ್ತು, "ಮೂರನೇ ಡ್ರಾಯರಲ್ಲಿ ನೋಡು" ಎಂದರು. ಬಿಳಿ ಹೊದ್ದು ಬರುವವರಿಗೆಂದೇ ಇಷ್ಟು ವರ್ಷ ಒಂದು ಬಣ್ಣದ ದುಪಟ್ಟಾ ಅಲ್ಲಿ ಇಟ್ಟಿದ್ದರಂತೆ. ತೆಗೆದು ನೋಡಿದೆ. ಕಡುಹಸಿರು, ಅಂಚಿಗೆ ಸಣ್ಣ ಲೇಸು. 2009ರಲ್ಲಿ ಕಾಣೆಯಾದ ನನ್ನದೇ ದುಪಟ್ಟಾ. ಹದಿನಾರು ವರ್ಷ ನನ್ನ ನಾದಿನಿಯ ಮೇಲೆ ಅನುಮಾನ ಇಟ್ಟುಕೊಂಡಿದ್ದೆ. ಅವಳಿಗೆ ಒಂದು ಫೋನು ಮಾಡಬೇಕು ಅನ್ನಿಸಿತು. ಮಾಡಲಿಲ್ಲ.

ಡಿಸೆಂಬರ್ 17, ಬುಧವಾರ

ಸ್ಟುಡಿಯೋದ ಬೆಳಕು ನಾವು ಹೇಳಿದ ಹಾಗೆ ಕೇಳುತ್ತದೆ, ಹೊರಗಿನದು ಕೇಳುವುದಿಲ್ಲ, ಹೋಗಿ ಕಲಿತು ಬಾ ಎಂದು ಬೆಳಿಗ್ಗೆ ಏಳಕ್ಕೇ ರಸೆಲ್ ಮಾರ್ಕೆಟ್ಟಿಗೆ ಕಳಿಸಿದರು. ಬುರ್ಖಾದ ಮೇಲೆ ಕ್ಯಾಮೆರಾ ತೂಗುಹಾಕಿಕೊಂಡು ಹೋದೆ. ನನ್ನನ್ನು ನೋಡಿದ ಕೂಡಲೇ ತರಕಾರಿಯವರು ದಾರಿಗೆ ಚಾಚಿದ್ದ ಕ್ರೇಟುಗಳನ್ನೆಲ್ಲ ಒಳಗೆ ಎಳೆದುಕೊಂಡರು. ಕಾರ್ಪೊರೇಷನ್ನಿನವಳು ಅಂದುಕೊಂಡರಂತೆ. ದಿನಾ ಟೊಮೇಟೊ ಕೊಡುವ ಶ್ರೀರಾಮಪ್ಪ ಕೂಡ ಗುರುತು ಹಿಡಿಯದೆ, "ಮೇಡಂ, ಈಗ ತೆಗೀರಿ, ಎಲ್ಲಾ ಕ್ಲೀನ್ ಆಗಿದೆ" ಎಂದ. ಆ ದಾರಿಯಲ್ಲಿ ಅಷ್ಟು ಜಾಗ ಇದೆ ಎಂದು ನನಗೆ ಇವತ್ತೇ ಗೊತ್ತಾದದ್ದು.

ನಲವತ್ತು ಫೋಟೋ ತೆಗೆದೆ, ಮೂವತ್ತೊಂದು ಅಲುಗಾಡಿವೆ. ಮನೆಗೆ ಬಂದು ಒಂದೊಂದನ್ನೂ ಅವರಿಗೆ ವರ್ಣಿಸಬೇಕಾಯಿತು. "ಈರುಳ್ಳಿ ರಾಶಿ" ಎಂದೆ. "ಬೆಳಕು ಯಾವ ಕಡೆಯಿಂದ?" ಎಂದರು. ನನಗೆ ಗೊತ್ತಿರಲಿಲ್ಲ. "ಹಾಗಾದ್ರೆ ನೀನು ಈರುಳ್ಳಿ ನೋಡೇ ಇಲ್ಲ" ಎಂದರು.

ಡಿಸೆಂಬರ್ 18, ಗುರುವಾರ

ಮತ್ತೆ ಹೋದೆ. ಬೆಳಕು ಮೇಲಿನ ಕಿಟಕಿಯಿಂದ, ಎಡಗಡೆಯಿಂದ ಬರುತ್ತದೆ. ಈರುಳ್ಳಿಯ ಆ ಪಕ್ಕ ಹೊಳೆಯುತ್ತದೆ, ಈ ಪಕ್ಕ ನೇರಳೆ ಬಣ್ಣಕ್ಕೆ ತಿರುಗಿ ಮಾಸುತ್ತದೆ. ಬುದ್ಧಿ ಬಂದಾಗಿನಿಂದ ಈರುಳ್ಳಿ ಹೆಚ್ಚುತ್ತಿದ್ದೇನೆ, ಇದನ್ನು ನೋಡಿರಲಿಲ್ಲ. ಅಲ್ಲಿಂದ ಹೊರಡುವಾಗ ಒಂಬತ್ತೂವರೆ. ತರಕಾರಿ ತರುವುದು ಮರೆತು ಬಂದೆ.

ಡಿಸೆಂಬರ್ 28, ಭಾನುವಾರ

ಹಲಸೂರು ಕೆರೆ. ಹಾರುವ ಹಕ್ಕಿಗೆ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು ಬೇಕು. ಅವರೂ ಬಂದಿದ್ದರು. ಮೆಟ್ಟಿಲು ಕಾಣದೆ ನನ್ನ ಮೊಣಕೈ ಹಿಡಿದುಕೊಂಡರು. ರಸ್ತೆಯಲ್ಲಿ ಅವರು ನನ್ನ ಕೈ ಹಿಡಿದವರಲ್ಲ.

"ಜನ ನೋಡ್ತಾ ಇದ್ದಾರೆ" ಎಂದೆ.

"ನನಗೆ ಕಾಣಲ್ಲ" ಎಂದರು.

ಹಕ್ಕಿ ಒಂದೂ ಸರಿಯಾಗಿ ಬರಲಿಲ್ಲ. ರೆಕ್ಕೆ ಬಂದರೆ ತಲೆ ಇಲ್ಲ. ಕಡಲೆಕಾಯಿ ತಿಂದು ವಾಪಸು ಬಂದೆವು. ಚೆನ್ನಾಗಿತ್ತು.

ಜನವರಿ 6, ಮಂಗಳವಾರ

ಇದನ್ನು ಬರೆಯಬೇಕೋ ಬೇಡವೋ ಎಂದು ಸಂಜೆಯಿಂದ ಯೋಚಿಸುತ್ತಿದ್ದೆ.

ಇಂದಿರಾನಗರದ ಅನಂತರಾಮು ಬಂದಿದ್ದರು. ಇನ್ಶೂರೆನ್ಸ್ ಆಫೀಸಿನಲ್ಲಿದ್ದು ರಿಟೈರಾದವರು, ಇಪ್ಪತ್ತು ವರ್ಷದ ಗಿರಾಕಿ. ಸ್ಟೂಲಿನ ಮೇಲೆ ಕೂತರು. ನಾನು ಬಗ್ಗಿ ಕಂಪ್ಯೂಟರಿನ ಹಿಂದಿನ ವೈರ್ ಸರಿಮಾಡುತ್ತಿದ್ದೆ. ಅಷ್ಟರಲ್ಲಿ ಅವರ ಜೇಬಿನಲ್ಲಿ ಫೋನು ಗುಂಯ್ ಅಂದಿರಬೇಕು, ಸದ್ದಿಲ್ಲದೆ ಎದ್ದು ಬಾಗಿಲ ಹತ್ತಿರ ಹೋದರು. ವೈರು ಜಾರಿತು, ನನಗೆ ಗಂಟಲಿನಲ್ಲಿ ಧೂಳು ಹೋಯಿತು, ಗಂಟಲು ಸರಿಮಾಡಿಕೊಂಡೆ.

"ನಗಬೇಡಿ ಸರ್" ಎಂದರು ಇವರು. "ಗದ್ದ ಸ್ವಲ್ಪ ಕೆಳಗೆ. ಹಾಂ, ಹಾಗೇ ಇರಿ." ಒತ್ತಿದರು.

ನಾನು ತಲೆ ಎತ್ತಿದೆ. ಸ್ಟೂಲು ಖಾಲಿ. ಅನಂತರಾಮು ಬಾಗಿಲಲ್ಲಿ ಫೋನು ಕಿವಿಗೆ ಹಿಡಿದು ನಿಂತು, ಇವರನ್ನೇ ನೋಡುತ್ತಿದ್ದರು. ನಾನು ಕೆಮ್ಮಬೇಕಾಗಿತ್ತು. ಖಾಲಿ ಸ್ಟೂಲಿಗೆ ಎಷ್ಟು ಸಲ ಕೆಮ್ಮಬೇಕು ಎಂದು ನಾವು ಮಾತಾಡಿಕೊಂಡಿರಲಿಲ್ಲ.

"ಸಾಹೇಬ್ರೇ, ಇನ್ನೊಂದ್ ತೆಗೀರಿ" ಎಂದರು ಅನಂತರಾಮು. "ನಾನು ಕಣ್ಣು ಮುಚ್ಚಿಬಿಟ್ಟೆ ಅನ್ಸುತ್ತೆ."

ಮಾತು ಬಾಗಿಲ ಕಡೆಯಿಂದ ಬಂತು. ಇವರ ಮುಖ ಸ್ಟೂಲಿನಿಂದ ಬಾಗಿಲಿಗೆ ನಿಧಾನವಾಗಿ ತಿರುಗಿತು. ಅನಂತರಾಮು ಬಂದು ಕೂತರು, ಫೋಟೋ ಆಯಿತು, ಥ್ಯಾಂಕ್ಸ್ ಹೇಳಿ ಹೋದರು. ಒಳ್ಳೆಯ ಮನುಷ್ಯ. ಕೆಟ್ಟವನಾಗಿದ್ದರೆ ವಾಸಿಯಿತ್ತು, ಬೈದುಕೊಳ್ಳಬಹುದಿತ್ತು.

ಸ್ಟೂಲಿನ ಫೋಟೋ ಕಂಪ್ಯೂಟರಿನಲ್ಲಿ ಹಾಗೇ ಇದೆ. ಬೆಳಕು ಸರಿಯಾಗಿ ಬಂದಿದೆ.

ಜನವರಿ 7, ಬುಧವಾರ

ಇವರು ಅಂಗಡಿಗೆ ಬರಲಿಲ್ಲ. ನಾನೂ ತೆರೆಯಲಿಲ್ಲ.

ಜನವರಿ 8, ಗುರುವಾರ

ಬರಲಿಲ್ಲ. ನಾನು ತೆರೆದೆ. ಆರು ಪಾಸ್‌ಪೋರ್ಟ್, ಒಂದು ಮದುವೆ ಪ್ರಸ್ತಾಪದ ಫೋಟೋ.

ಜನವರಿ 10, ಶನಿವಾರ

ಬರಲಿಲ್ಲ. ಫೋಟೋ ತೆಗೆಯುವವಳು ಹೆಂಗಸೇ ಎಂದು ಮದುವೆ ಪ್ರಸ್ತಾಪದ ಹುಡುಗಿ ಮನೆಗೆ ಹೋಗಿ ಹೇಳಿದಳಂತೆ, ಇವತ್ತು ಐದು ಜನ ಹೆಂಗಸರು ಬಂದರು. ಒಳಗೆ ಗಂಡಸರು ಯಾರೂ ಇಲ್ಲವಲ್ಲ ಎಂದು ಎರಡು ಸಲ ಕೇಳಿದರು. ಇಲ್ಲ ಎಂದೆ. ಪರದೆ ಎಳೆದು, ನಕಾಬ್ ತೆಗೆದು, ಆರಾಮವಾಗಿ ಕೂತರು. ಅವರಲ್ಲೊಬ್ಬರು ಮೂವತ್ತು ವರ್ಷದಲ್ಲಿ ಫೋಟೋದಲ್ಲಿ ನಕ್ಕಿರಲಿಲ್ಲವಂತೆ. ನೂರಿಪ್ಪತ್ತೈದರಲ್ಲಿ ಒಂದು, ಎಫ್ 5.6, ಸೋಡಾ ನಾನೂರು. ಆ ನಗು ಚೆನ್ನಾಗಿ ಬಂತು.

ಹಲಗೆಯ ಆಚೆಯಿಂದ ರಾಮಾಂಜಿನಪ್ಪನವರು, "ಏನಮ್ಮ, ಕೆಮ್ಮು ವಾಸಿ ಆದಂಗಿದೆ" ಎಂದರು. ಆಗ ಗೊತ್ತಾಯಿತು, ಮೂರು ದಿನದಿಂದ ನಾನು ಕೆಮ್ಮಿಲ್ಲ. ಜೇನುತುಪ್ಪದ ಗುಣ ಎಂದೆ.

ಮನೆಗೆ ಬಂದು ಅವರಿಗೆ ಏನೂ ಹೇಳಲಿಲ್ಲ. ವ್ಯಾಪಾರ ಹೇಗಿತ್ತು ಎಂದು ಕೇಳಿದರು. ಸುಮಾರು ಎಂದೆ. ಇಷ್ಟು ವರ್ಷದಲ್ಲಿ ಅವರಿಗೆ ಹೇಳಿದ ಮೊದಲ ಸುಳ್ಳಲ್ಲ ಇದು, ಆದರೆ ಚುಚ್ಚಿದ್ದು ಇದೇ.

ಜನವರಿ 13, ಮಂಗಳವಾರ

ಶಾಲೆಯಿಂದ ಅಣ್ಣಮ್ಮ ಟೀಚರ್ ಫೋನು ಮಾಡಿದರು. ಅವರೀಗ ಹೆಡ್‌ಮಿಸ್ಟ್ರೆಸ್, ಈ ವರ್ಷವೇ ರಿಟೈರ್ ಆಗುತ್ತಾರೆ. ಫೆಬ್ರವರಿ ಏಳು, ಬೆಳಿಗ್ಗೆ ಹತ್ತು ಗಂಟೆ. "ಚಾಂದ್ ಭಾಯ್ ಬರ್ತಾರಲ್ವಾ? ಅವ್ರು ತೆಗೆದ್ರೇನೇ ನಮ್ಗೆ ಸಮಾಧಾನ. ಇಷ್ಟು ವರ್ಷದಲ್ಲಿ ಒಂದು ಮಗು ಕಣ್ಣು ಮುಚ್ಚಿದ್ದು ನೋಡಿಲ್ಲ ನಾನು."

ಅದು ನಿಜ. ಗ್ರೂಪ್ ಫೋಟೋ ತೆಗೆಯುವಾಗ ಅವರು ಕ್ಯಾಮೆರಾದೊಳಗೆ ನೋಡುವುದಿಲ್ಲ. ಪಕ್ಕಕ್ಕೆ ನಿಂತು ಬರಿಗಣ್ಣಿನಿಂದ ಎಲ್ಲರನ್ನೂ ನೋಡುತ್ತಾ, ಯಾರೂ ರೆಪ್ಪೆ ಬಡಿಯದ ಒಂದು ಗಳಿಗೆ ಬರುವವರೆಗೆ ಕಾದು ಒತ್ತುತ್ತಾರೆ. ಅವರಿಗೆ ಜಂಬ ಅಂತ ಇರುವುದು ಇದೊಂದೇ.

ಫೋನಿನ ಮಾತು ಅವರಿಗೂ ಕೇಳಿಸಿತ್ತು. ಎದ್ದು, ಷರಟು ಹಾಕಿಕೊಂಡು, "ನಡಿ, ಅಂಗಡಿಗೆ" ಎಂದರು.

ಜನವರಿ 25, ಭಾನುವಾರ

ಮನೆಯ ಮೆಟ್ಟಿಲ ಮೇಲೆ ತಾಲೀಮು. ಮುಂದಿನ ಸಾಲಿನಲ್ಲಿ ಟೊಮೇಟೊ, ಅವರು ಟೀಚರುಗಳು. ಮಧ್ಯೆ ಆಲೂಗಡ್ಡೆ, ಹಿಂದೆ ಎತ್ತರದವರಾಗಿ ಸೋರೆಕಾಯಿ. ಎಫ್ 2.8ರಲ್ಲಿ ತೆಗೆದರೆ ಟೀಚರುಗಳು ಮಾತ್ರ ಸ್ಪಷ್ಟ, ಸೋರೆಕಾಯಿಗಳು ಮಂಜು. ಎಫ್ 8ರಲ್ಲಿ ಎಲ್ಲರೂ ಸ್ಪಷ್ಟ. ಗುಂಪಿಗೆ ಚಿಕ್ಕ ಕಿಂಡಿ ಬೇಕು ಎಂದು ಕಣ್ಣಾರೆ ಕಂಡೆ. ಮಹಡಿಯ ಮನೆಯವರು ಇಳಿಯಲು ಬಂದು, ಸ್ವಲ್ಪ ಹೊತ್ತು ನಿಂತು ನೋಡಿ, ಏನೂ ಕೇಳದೆ ವಾಪಸು ಹತ್ತಿಹೋದರು.

ರಾತ್ರಿ ಊಟಕ್ಕೆ ಹಿಂದಿನ ಸಾಲಿನ ಸಾರು.

ಫೆಬ್ರವರಿ 1, ಭಾನುವಾರ

ಇವತ್ತು ತರಕಾರಿಯ ಬದಲು ಗಲ್ಲಿಯ ಮಕ್ಕಳು, ಒಂಬತ್ತು ಜನ. ಇವರು ಗುಂಡಿ ಹಿಡಿದರು, ನಾನು ಪಕ್ಕದಲ್ಲಿ ನಿಂತು ಗಂಟಲಿನ ಸಂಜ್ಞೆ ಕೊಟ್ಟೆ. ಇಪ್ಪತ್ತು ಫೋಟೋದಲ್ಲಿ ಹದಿನೇಳರಲ್ಲಿ ಯಾರೋ ಒಬ್ಬರ ಕಣ್ಣು ಮುಚ್ಚಿದೆ. ನಾನು ನೋಡಿ, ಸದ್ದು ಮಾಡಿ, ಅವರು ಕೇಳಿ, ಒತ್ತುವಷ್ಟರಲ್ಲಿ ಆ ಗಳಿಗೆ ಹೋಗಿರುತ್ತದೆ. ಒಬ್ಬರಿಗಾದರೆ ನಡೆಯುತ್ತದೆ. ಶಾಲೆಯಲ್ಲಿ ಅರವತ್ತನಾಲ್ಕು ಹುಡುಗಿಯರು.

"ಒಂದು ರಿಮೋಟ್ ತಗೊಳ್ಳೋಣ" ಎಂದೆ. "ಬುರ್ಖಾ ಒಳಗೆ ನನ್ನ ಕೈಯಲ್ಲಿರುತ್ತೆ. ನೀವು ಕ್ಯಾಮೆರಾ ಹತ್ತಿರ ನಿಂತಿರಿ. ಯಾರಿಗೂ ಗೊತ್ತಾಗಲ್ಲ."

"ನನಗೆ ಗೊತ್ತಾಗುತ್ತಲ್ಲ" ಎಂದರು. "ಗುಂಡಿ ಒತ್ತೋದು ನಾನೇ. ಅಷ್ಟೂ ಇಲ್ಲ ಅಂದ್ರೆ ನಾನು ಅಲ್ಲಿಗೆ ಯಾಕೆ ಹೋಗಬೇಕು? ಕ್ಯಾಮೆರಾ ಸ್ಟ್ಯಾಂಡು ಒಂದು ಇದೆಯಲ್ಲ, ಅದೇ ಸಾಕು."

ನನಗೆ ಸಿಟ್ಟು ಬಂದಿತ್ತು. ಸಿಟ್ಟಿನ ಕೆಳಗೆ ಅಳು ಇತ್ತು, ಅದನ್ನು ಅಡುಗೆಮನೆಯಲ್ಲಿ ಮುಗಿಸಿದೆ.

ಫೆಬ್ರವರಿ 7, ಶನಿವಾರ

ಆಟೋದಲ್ಲಿ ಬೆನ್ಸನ್ ಟೌನಿಗೆ. ದಾರಿಯಲ್ಲಿ ಅವರು ಒಂದೇ ಮಾತು ಆಡಿದ್ದು: "ಮುಂದಿನ ಸಾಲಿನ ಮಧ್ಯಕ್ಕೆ ಫೋಕಸ್ ಬೇಡ, ಸ್ವಲ್ಪ ಹಿಂದಿನ ಸಾಲಿಗೆ."

ಬೆಂಚು, ಕುರ್ಚಿಗಳನ್ನು ಎಂದಿನ ಜಾಗದಲ್ಲೇ ಹಾಕಿದ್ದರು. ಬೇವಿನ ಮರದ ನೆರಳು ಅರ್ಧ ಸಾಲಿನ ಮೇಲೆ ತುಂಡು ತುಂಡಾಗಿ ಬೀಳುತ್ತಿತ್ತು. ಎಲ್ಲಾ ಹತ್ತು ಅಡಿ ಈ ಕಡೆ ಎಳೆಯಿರಿ, ಪೂರ್ತಿ ಕಟ್ಟಡದ ನೆರಳಿಗೆ ಬರಲಿ ಎಂದೆ. ಅಟೆಂಡರ್ ರಾಮಯ್ಯ ಮುಖ ನೋಡಿದ. "ಎಳೀರಿ" ಎಂದೆ. ಎಳೆದ.

ಮುಂದೆ ಕುರ್ಚಿಯಲ್ಲಿ ಟೀಚರುಗಳು, ಹಿಂದೆ ಮೂರು ಸಾಲು ಹುಡುಗಿಯರು. ಇವರು ಕ್ಯಾಮೆರಾ ಪಕ್ಕ ನಿಂತು, 'ಎಲ್ಲಾ ಇಲ್ಲಿ ನೋಡಿ, ಇಲ್ಲಿ ನೋಡಿ' ಎಂದು ಎಂದಿನ ಗತ್ತಿನಲ್ಲೇ ಕೂಗಿದರು. ನಾನು ಗಂಟಲು ಸರಿಮಾಡಿಕೊಂಡೆ. ಒತ್ತಿದರು. ಇನ್ನೊಂದು, ಮತ್ತೊಂದು.

"ಹೇಗಿದೆ?" ಎಂದರು ಮೆಲ್ಲಗೆ, ದಖನಿಯಲ್ಲಿ.

ಸ್ಕ್ರೀನ್ ದೊಡ್ಡದು ಮಾಡಿ ನೋಡಿದೆ. ಮೊದಲನೆಯದರಲ್ಲಿ ಇಬ್ಬರ ಕಣ್ಣು ಮುಚ್ಚಿದೆ. ಎರಡನೆಯದರಲ್ಲಿ ನಾಲ್ವರು. ಮೂರನೆಯದರಲ್ಲಿ ಕೊನೆಯ ಸಾಲಿನ ಒಂದು ಕನ್ನಡಕದ ಹುಡುಗಿ. ಚೆನ್ನಾಗಿದೆ ಅಂದುಬಿಡಬಹುದಿತ್ತು. ಅವರಿಗೆ ಕಾಣುವುದಿಲ್ಲ, ಪ್ರಿಂಟು ಬಂದ ಮೇಲೂ ಕಾಣುವುದಿಲ್ಲ. ಒಂದು ಹುಡುಗಿಯ ಕಣ್ಣು ಮುಚ್ಚಿದ್ದರೆ ಭೂಮಿ ಮಗುಚುವುದಿಲ್ಲ. ಅವಳ ಮನೆಯಲ್ಲಿ ಮಾತ್ರ ಅದು ಹಾಗೇ ಗೋಡೆಯ ಮೇಲೆ ಇರುತ್ತದೆ.

"ಮುಚ್ಚಿವೆ" ಎಂದೆ.

ಮತ್ತೆ ನಾಲ್ಕು ತೆಗೆದರು. ಹುಡುಗಿಯರು ಅಲುಗಾಡಲು ಶುರುಮಾಡಿದರು. ಮಧ್ಯದ ಕುರ್ಚಿಯಿಂದ ಅಣ್ಣಮ್ಮ ಟೀಚರ್, "ಸಾಕಲ್ವಾ ಚಾಂದ್ ಭಾಯ್? ಮಕ್ಕಳಿಗೆ ಹನ್ನೊಂದಕ್ಕೆ ಪರೀಕ್ಷೆ ಇದೆ" ಎಂದರು.

ಅವರು ನನ್ನ ಕಡೆ ಬಾಗಿದರು. "ಸಾಕಾ?"

"ಸಾಲದು" ಎಂದೆ.

ಅವರ ಬೆರಳು ಗುಂಡಿಯ ಮೇಲೇ ಇತ್ತು. ಆಮೇಲೆ ಕೈ ತೆಗೆದು, ಕೋಟು ಸರಿಮಾಡಿಕೊಂಡು, ಕ್ಯಾಮೆರಾ ಬಿಟ್ಟು ಎರಡು ಹೆಜ್ಜೆ ಮುಂದೆ ಹೋದರು.

"ಟೀಚರಮ್ಮ, ಒಂದ್ ಮಾತು" ಎಂದರು, ಎಲ್ಲರಿಗೂ ಕೇಳುವ ಹಾಗೆ. "ನಂಗೆ ಕಣ್ಣು ಕಾಣ್ಸಲ್ಲ. ಆರ್ ತಿಂಗಳ ಮೇಲಾಯ್ತು. ನಿಮ್ಗೆ ಹೇಳ್ದೆ ಬಂದಿದ್ದು ತಪ್ಪು. ಫೋಟೋ ನಮ್ಮನೆಯವ್ರು ತೆಗೀತಾರೆ. ಅವ್ರಿಗೆ ಬರುತ್ತೆ. ನನ್ಗಿಂತ ಚೆನ್ನಾಗಿ ಬರುತ್ತೆ."

ಅರವತ್ತನಾಲ್ಕು ಹುಡುಗಿಯರು ಇಷ್ಟು ಸುಮ್ಮನಿದ್ದದ್ದನ್ನು ಆ ಶಾಲೆ ನೋಡಿರಲಾರದು. ಅಣ್ಣಮ್ಮ ಟೀಚರ್ ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು. ಪಿ.ಟಿ. ಮೇಡಂ ರಜೆಯಲ್ಲಿದ್ದುದರಿಂದ ಅವರ ಪಕ್ಕದಲ್ಲಿ ಒಂದು ಕುರ್ಚಿ ಖಾಲಿ ಇತ್ತು.

"ಹಂಗಾದ್ರೆ ನಿಮ್ಗಲ್ಲೇನು ಕೆಲ್ಸ? ಬಂದು ಇಲ್ಲಿ ಕೂತ್ಕೊಳ್ಳಿ" ಎಂದರು. "ಇಪ್ಪತ್ತಾರು ವರ್ಷದಲ್ಲಿ ಒಂದು ಫೋಟೋದಲ್ಲೂ ನೀವಿಲ್ಲ. ರಾಮಯ್ಯ, ಕೈ ಹಿಡ್ಕೊಂಡ್ ಕರ್ಕೊಂಬಾ."

ಬಂದು ಕೂತರು. ಈಗ ಕ್ಯಾಮೆರಾ ಹತ್ತಿರ ನಾನೊಬ್ಬಳೇ. ಎಫ್ 8, ಇನ್ನೂರೈವತ್ತರಲ್ಲಿ ಒಂದು, ಸೋಡಾ ಇನ್ನೂರು. ಪಕ್ಕಕ್ಕೆ ನಿಂತು, ಬರಿಗಣ್ಣಿನಿಂದ ಎಡದಿಂದ ಬಲಕ್ಕೆ ಒಂದೊಂದೇ ಮುಖ ನೋಡಿದೆ. ಎಲ್ಲರೂ ಸರಿ ಇದ್ದರು, ಇವರೊಬ್ಬರನ್ನು ಬಿಟ್ಟು. ಇವರು ಬೇವಿನ ಮರದ ಕಡೆ ಮುಖ ಮಾಡಿದ್ದರು.

ಯಾಕೆಂದು ನನಗೆ ಗೊತ್ತಿತ್ತು. ಅವರಿಗೆ ಉಳಿದಿರುವುದು ಕಣ್ಣಿನ ಅಂಚು ಮಾತ್ರ. ನನ್ನನ್ನು ನೋಡಬೇಕಾದರೆ ಅವರು ನನ್ನಿಂದ ಮುಖ ತಿರುಗಿಸಬೇಕು. ನನ್ನನ್ನೇ ನೋಡುತ್ತಿದ್ದರು.

"ಅಜೀ, ಇಲ್ಲಿ" ಎಂದೆ. ವಿಜ್ಞಾನದ ಮೇಷ್ಟ್ರು ನೋಡಿದರು. ರಾಮಯ್ಯ ನೋಡಿದ. "ಇಲ್ಲಿ, ನನ್ನ ಕಡೆ" ಎಂದೆ. ಅಷ್ಟರಲ್ಲಿ ಹುಡುಗಿಯರು ಮತ್ತೆ ಗುಸುಗುಸು ಶುರುಮಾಡಿದ್ದರು, ನನ್ನ ದನಿ ಅದರಲ್ಲಿ ಮುಳುಗಿತು. ಅವರು ಮರದ ಕಡೆಗೇ ಇದ್ದರು.

ನಮ್ಮಲ್ಲಿ ಗಂಡನ ಹೆಸರು ಹಿಡಿದು ಕರೆಯುವುದಿಲ್ಲ, ಅಜೀ ಎನ್ನುವುದಷ್ಟೇ. ಆಸ್ಪತ್ರೆಯ ಕಿಟಕಿಯಲ್ಲಿ ಪೇಷೆಂಟ್ ಹೆಸರೇನು ಎಂದು ಕೇಳಿದಾಗಲೂ ನಾನು ಇಕ್ರಾಳ ಮುಖ ನೋಡಿದವಳು. ಮದುವೆಯಾದಾಗಿನಿಂದ ಆ ಹೆಸರು ಒಂದು ಸಲವೂ ನನ್ನ ಬಾಯಿಂದ ಬಂದಿಲ್ಲ.

"ಚಾಂದ್ ಪಾಷಾ!" ಎಂದು ಕೂಗಿದೆ. "ನೇರ ನೋಡಿ!"

ತಟ್ಟನೆ ತಿರುಗಿದರು. ಅಲ್ಲಿ ಅವರಿಗೆ ಹೊಗೆಯಲ್ಲದೆ ಬೇರೇನೂ ಕಾಣುವುದಿಲ್ಲ. ಆದರೂ ನೇರ ನೋಡಿದರು, ಬಾಯಿ ಸ್ವಲ್ಪ ತೆರೆದಿತ್ತು. ಹುಡುಗಿಯರು ಹೋ ಎಂದು ನಕ್ಕರು. ಟೀಚರುಗಳೂ ನಕ್ಕರು. ಅರವತ್ತನಾಲ್ಕು ಹುಡುಗಿಯರು, ಎಂಟು ಟೀಚರು, ಅವರೊಬ್ಬರು. ಎಲ್ಲರ ಕಣ್ಣೂ ತೆರೆದಿದ್ದವು. ಒತ್ತಿದೆ.

ಫೆಬ್ರವರಿ 9, ಸೋಮವಾರ

ಪ್ರಿಂಟು ಬಂತು. ರಾಮಾಂಜಿನಪ್ಪನವರು ಒಂದಕ್ಕೆ ಫ್ರೇಮ್ ಹಾಕಿಕೊಟ್ಟರು, ಶಾಲೆಗೆ ಅಲ್ಲ, ನಮಗೆ. ಅದನ್ನು ತೊಡೆಯ ಮೇಲಿಟ್ಟುಕೊಂಡು ಅವರು ಗಾಜಿನ ಮೇಲೆ ಬೆರಳಾಡಿಸಿದರು. ಬೆಳಕು ಯಾವ ಕಡೆಯಿಂದ ಎಂದು ಕೇಳಿದರು, ಹೇಳಿದೆ. ಹಿಂದಿನ ಸಾಲು ಸ್ಪಷ್ಟ ಇದೆಯಾ ಎಂದು ಕೇಳಿದರು, ಇದೆ ಎಂದೆ. ಹೊರಗೆ ಇಬ್ಬರು ಹೆಂಗಸರು ಕಾಯುತ್ತಿದ್ದರು.

"ನಾನು ಎಲ್ಲಿ ನೋಡ್ತಾ ಇದೀನಿ ಇದರಲ್ಲಿ?"

"ನೇರ ಲೆನ್ಸಿಗೆ."

ತಲೆದೂಗಿದರು. ನಾನು ಎದ್ದು ಕ್ಯಾಮೆರಾ ಹತ್ತಿರ ಹೋದೆ.

"ಗುಲ್ಷನ್" ಎಂದರು. "ಇನ್ನೊಂದು ಸಲ ಕರಿ."

"ಮೊದಲನೆಯದೇ ಸರಿಯಾಗಿ ಬಂದಿದೆ. ಇನ್ನೊಂದು ಯಾಕೆ?" ಎಂದೆ.

ಅವರು ಫ್ರೇಮು ಹಿಡಿದುಕೊಂಡು, ನನ್ನ ದನಿ ಬಂದ ಕಡೆಗೆ ನೇರ ಮುಖ ಮಾಡಿ ಕೂತರು. ಹೊರಗಿನವರಿಗೆ ಐದು ನಿಮಿಷ ತಾಳಿ ಎಂದು ಹೇಳಿ, ಪರದೆ ಎಳೆದು ಬಂದು, ಕರೆದೆ.